ರಾಜಾತಿಥಿಗಳ ಮನೆಯಲ್ಲಿ ಒಂದು ಹೊತ್ತಿನ ಊಟ

ಚಾಮುಂಡಿ ಬೆಟ್ಟದ ಮೇಲೆ ನಿಂತು ಮೈಸೂರನ್ನು ನೋಡದ ಕನ್ನಡಿಗರು ವಿರಳ. ದೇವಿಯ ದರ್ಶನ ಮುಗಿಸಿ, ಪ್ರಸಾದದ ಪೊಟ್ಟಣವನ್ನು ಕೈಯಲ್ಲಿ ಹಿಡಿದು ಊರಿನ ಕಡೆಗೆ ಮುಖ ಮಾಡಿದಾಗ, ಕಣ್ಣು ಮೊದಲು ಹುಡುಕುವುದು ದೊಡ್ಡ ಅರಮನೆಯನ್ನು. ಅನಂತರ ದೃಷ್ಟಿ ಬೆಟ್ಟದ ತಪ್ಪಲಿನತ್ತ ಹರಿದರೆ, ಊರಿನ ಗದ್ದಲದಿಂದ ದೂರವಾಗಿ, ಹಸಿರಿನ ನಡುವೆ ಒಂಟಿಯಾಗಿ ನಿಂತ ಬಿಳಿಯ ಸೌಧವೊಂದು ಗೋಚರಿಸುತ್ತದೆ. "ಅದೇ ನೋಡು, ಲಲಿತ ಮಹಲು," ಎಂದು ಹಿರಿಯರು ಬೆರಳು ಮಾಡಿ ತೋರಿಸುತ್ತಾರೆ. ಮಕ್ಕಳು ತಲೆಯಾಡಿಸುತ್ತಾರೆ. ಬಹುಮಂದಿ ಪ್ರವಾಸಿಗಳ ಪಾಲಿಗೆ ಲಲಿತ ಮಹಲಿನ ಪರಿಚಯ ಅಷ್ಟಕ್ಕೇ ಮುಗಿಯುತ್ತದೆ.

ಆದರೆ ಆ ಸೌಧ ದೂರದಿಂದ ನೋಡಿ ಮರೆಯುವ ಚಿತ್ರವಲ್ಲ. 1974ರಲ್ಲಿ ಅದು ಹೋಟೆಲಾಯಿತು. ಅಂದಿನಿಂದ ಅದರ ಬಾಗಿಲನ್ನು ದಾಟುವುದಕ್ಕೆ ರಾಜಮನೆತನದ ಆಮಂತ್ರಣವಾಗಲಿ, ವೈಸರಾಯರ ಸಖ್ಯವಾಗಲಿ ಬೇಕಾಗಲಿಲ್ಲ. ಒಂದು ಹೊತ್ತಿನ ಊಟಕ್ಕೆ ತೆರುವಷ್ಟು ಹಣವಿದ್ದರೆ ಸಾಕಾಯಿತು.

ಊಟದಿಂದ ಹುಟ್ಟಿದ ಅರಮನೆ

ಈ ಮಾತಿನಲ್ಲಿ ಒಂದು ವಿಶೇಷವಿದೆ. ಲಲಿತ ಮಹಲು ಹುಟ್ಟಿದ್ದೇ ಊಟೋಪಚಾರದ ಕಾರಣದಿಂದ ಎಂದು ಮೈಸೂರಿನಲ್ಲಿ ಹಿಂದಿನಿಂದ ಹೇಳುತ್ತ ಬಂದಿದ್ದಾರೆ. ನಾಲ್ವಡಿ ಕೃಷ್ಣರಾಜ ಒಡೆಯರು ಆಚಾರನಿಷ್ಠರು. ಅವರ ಅರಮನೆಯ ಪಾಕಶಾಲೆಗೆ ಅದರದೇ ಆದ ಮಡಿ, ಕಟ್ಟುಪಾಡುಗಳಿದ್ದವು. ಆದರೆ ದಸರೆಯ ಕಾಲಕ್ಕೂ ಇತರ ಸಂದರ್ಭಗಳಲ್ಲಿಯೂ ಮೈಸೂರಿಗೆ ಬರುವ ಐರೋಪ್ಯ ಅತಿಥಿಗಳಿಗೆ ಮಾಂಸದ ಅಡಿಗೆ ಬೇಕು, ಮದ್ಯ ಬೇಕು, ಊಟವಾದ ಮೇಲೆ ನರ್ತನಕ್ಕೆ ವಿಶಾಲವಾದ ಅಂಗಳ ಬೇಕು. ಅತಿಥಿಗೆ ಕೊರತೆಯಾಗಬಾರದು, ಮನೆಯ ಮಡಿಗೂ ಭಂಗ ಬರಬಾರದು. ಇಂಥ ಸಂದರ್ಭದಲ್ಲಿ ಸಾಮಾನ್ಯ ಗೃಹಸ್ಥನಾದರೆ ಹಿತ್ತಲಿನಲ್ಲಿ ಇನ್ನೊಂದು ಒಲೆ ಹೂಡಿಯಾನು. ಮಹಾರಾಜರು ಇನ್ನೊಂದು ಅರಮನೆಯನ್ನೇ ಕಟ್ಟಿಸಿದರು.

1921ರ ನವೆಂಬರ್ 18ರಂದು ಅಸ್ತಿಭಾರ ಬಿದ್ದಿತು. ನಕ್ಷೆ ಬರೆದವರು ಮುಂಬಯಿಯ ವಾಸ್ತುಶಿಲ್ಪಿ ಇ. ಡಬ್ಲ್ಯೂ. ಫ್ರಿಚ್ಲಿ, ಕಟ್ಟಿದವರು ಕಂಟ್ರಾಕ್ಟರ್ ಬಿ. ಮುನಿವೆಂಕಟಪ್ಪನವರು. ಸುಮಾರು 13 ಲಕ್ಷ ರೂಪಾಯಿ ವೆಚ್ಚವಾಯಿತು. 1931ರ ಹೊತ್ತಿಗೆ ಕಟ್ಟಡ ಪೂರ್ಣಗೊಂಡಿತು. ಅದಕ್ಕೂ ಮುಂಚೆ, 1912ರಲ್ಲಿ ಮುಗಿದಿದ್ದ ಊರಿನೊಳಗಿನ ದೊಡ್ಡ ಅರಮನೆಗೆ 41 ಲಕ್ಷಕ್ಕೂ ಮಿಗಿಲಾಗಿ ಖರ್ಚಾಗಿತ್ತೆಂಬುದನ್ನು ನೆನೆದರೆ, ಕೇವಲ ಅತಿಥಿಗಳ ವಾಸಕ್ಕೆಂದು ವ್ಯಯವಾದ ಈ ಮೊತ್ತ ಎಷ್ಟು ದೊಡ್ಡದೆಂಬುದು ಮನಸ್ಸಿಗೆ ಬರುತ್ತದೆ.

ಊರಿನ ಅರಮನೆಯಲ್ಲಿ ಕಮಾನು, ಗೋಪುರ, ದರ್ಬಾರುಗಳ ವೈಭವ ತುಂಬಿದ್ದರೆ, ಲಲಿತ ಮಹಲಿನದು ಪೂರ್ಣವಾಗಿ ಪಶ್ಚಿಮದ ಗಾಂಭೀರ್ಯ. ಜೋಡಿಜೋಡಿಯಾಗಿ ನಿಂತ ಕಂಬಗಳ ಸಾಲು, ಎರಡು ಅಂತಸ್ತು, ನಡುವೆ ಲಂಡನ್ನಿನ ಸೇಂಟ್ ಪಾಲ್ ದೇವಾಲಯವನ್ನು ನೆನಪಿಸುವ ಗುಮ್ಮಟ, ಒಳಗೆ ಇಟಲಿಯ ಅಮೃತಶಿಲೆಯ ಸೋಪಾನಪಂಕ್ತಿ. ಸಮುದ್ರ ದಾಟಿ ಬಂದ ಅತಿಥಿ ತನ್ನ ಊರಿನಲ್ಲಿಯೇ ಇದ್ದೇನೆಂದು ಭಾವಿಸಬೇಕು. ಕಿಟಕಿ ತೆರೆದಾಗ ಮಾತ್ರ ಎದುರಿಗೆ ಚಾಮುಂಡಿ ಬೆಟ್ಟ ಕಾಣಬೇಕು. ಆತಿಥ್ಯದ ಈ ಸೂಕ್ಷ್ಮವನ್ನು ಕಟ್ಟಿಸಿದವರು ಚೆನ್ನಾಗಿ ಬಲ್ಲವರಾಗಿದ್ದರು.

ಬಾಗಿಲು ತೆರೆದದ್ದು ಹೇಗೆ?

1947ರಲ್ಲಿ ಸ್ವಾತಂತ್ರ್ಯ ಬಂದಿತು. ವೈಸರಾಯರು ಹಡಗು ಹತ್ತಿದರು. ಯಾರಿಗಾಗಿ ಮನೆ ಕಟ್ಟಿತ್ತೋ ಆ ಅತಿಥಿಗಳೇ ಇಲ್ಲವಾದರು. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿ ರಾಜರ ರಾಜಧನವನ್ನೂ ಬಿರುದುಗಳನ್ನೂ ರದ್ದುಮಾಡಿತು. ನೂರಾರು ಕಿಟಕಿಗಳನ್ನು ಒರೆಸಲು, ಎತ್ತರದ ಗೋಡೆಗಳಿಗೆ ಸುಣ್ಣ ಹಚ್ಚಲು, ವಿಶಾಲವಾದ ತೋಟಕ್ಕೆ ನೀರುಣಿಸಲು ಹಣವೆಲ್ಲಿಯದು ಎಂಬ ಪ್ರಶ್ನೆ ಭಾರತದ ಅರಮನೆಗಳ ಮುಂದೆಲ್ಲ ಎದ್ದು ನಿಂತಿತು. ಹಲವು ಅರಮನೆಗಳು ಬೀಗ ಕಂಡವು, ಕೆಲವು ಕಚೇರಿಗಳಾದವು, ಕೆಲವು ಹೋಟೆಲುಗಳಾದವು.

ಲಲಿತ ಮಹಲಿನ ಪಾಲಿಗೆ ಬಂದದ್ದು ಕೊನೆಯ ದಾರಿ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ಮರುವರ್ಷ, ಅಂದರೆ 1974ರಲ್ಲಿ, ಭಾರತ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ಅದನ್ನು ಅಶೋಕ ಸಮೂಹದ ಹೋಟೆಲನ್ನಾಗಿ ನಡೆಸತೊಡಗಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೈಸೂರಿನ ಕೊನೆಯ ಮಹಾರಾಜರಾದ ಜಯಚಾಮರಾಜ ಒಡೆಯರು ಕಾಲವಾದರು. ಒಂದು ಯುಗ ಮುಗಿದ ವರ್ಷದಲ್ಲಿಯೇ ಅರಮನೆ ಪ್ರಜೆಗಳಿಗೆ ಬಾಗಿಲು ತೆರೆಯಿತೆಂಬುದು ಕೇವಲ ಆಕಸ್ಮಿಕವಿರಬಹುದು. ಆದರೂ ಆ ಆಕಸ್ಮಿಕದಲ್ಲಿ ಅರ್ಥವಿದೆ.

ಆ ಬದಲಾವಣೆಯಲ್ಲಿ ಅತ್ಯಂತ ದೊಡ್ಡ ಭಾಗ್ಯ ಒದಗಿದ್ದು ನರ್ತನಶಾಲೆಗೆ. ಬಣ್ಣದ ಗಾಜಿನ ಗುಮ್ಮಟದ ಕೆಳಗಿನ ಆ ವಿಶಾಲವಾದ ಸಭಾಂಗಣವೇ ಭೋಜನಶಾಲೆಯಾಯಿತು. ಹಗಲು ಗಾಜಿನಿಂದ ಸೋಸಿ ಬರುವ ಬೆಳಕು ಮೇಜಿನ ಬಿಳಿಯ ವಸ್ತ್ರದ ಮೇಲೆ ಬೀಳುತ್ತದೆ. ಐರೋಪ್ಯ ದೊರೆಸಾನಿಯರು ಹೆಜ್ಜೆ ಹಾಕಿದ ಅದೇ ನೆಲದ ಮೇಲೆ, ಚಟ್ನಿ, ಸಾಂಬಾರುಗಳೊಡನೆ ದೋಸೆಯ ತಟ್ಟೆ ಸಾಗಿಬಂತು. ಇದಕ್ಕಿಂತ ಸೌಮ್ಯವಾದ ಕ್ರಾಂತಿಯನ್ನು ಊಹಿಸುವುದು ಕಷ್ಟ.

ಎರಡು ಬಗೆಯ ಅತಿಥಿಗಳು

ಹಳೆಯ ಹೋಟೆಲಿಗೆ, ಅದು ಯಾವ ಊರಿನದೇ ಆಗಿರಲಿ, ಬರುವ ಅತಿಥಿಗಳಲ್ಲಿ ಎರಡು ಬಗೆ. ಮೊದಲನೆಯವರು ಕೊಟ್ಟ ಹಣಕ್ಕೆ ತಕ್ಕ ಸೌಕರ್ಯವನ್ನು ಎಣಿಸುವವರು. ಬಿಸಿನೀರು ಬರಲು ಇಷ್ಟು ಹೊತ್ತೇಕೆ? ಮಲಗುವ ಕೋಣೆಯ ಚಾವಣಿ ಇಷ್ಟು ಎತ್ತರವೇಕೆ? ಒಂದು ಕಾಫಿ ತರಲು ಕಾಲು ಗಂಟೆಯೆ? ಬೆಂಗಳೂರಿನ ದರ್ಶಿನಿಯಲ್ಲಿ ಚೀಟಿ ಕೊಟ್ಟು, ನಿಂತಲ್ಲಿಯೇ ಎರಡು ನಿಮಿಷಕ್ಕೆ ಇಡ್ಲಿ ಪಡೆದು ಅಭ್ಯಾಸವಾದವರಿಗೆ ಈ ಅಸಹನೆ ಸಹಜವಾದದ್ದೇ.

ಎರಡನೆಯವರು ಸೌಕರ್ಯದ ಪಟ್ಟಿಯನ್ನು ಮನೆಯಲ್ಲಿಯೇ ಬಿಟ್ಟು ಬರುವವರು. ಮರದ ಬಾಗಿಲಿನ ಕಿರುಗುಟ್ಟುವಿಕೆ, ಪಡಸಾಲೆಯ ಉದ್ದ, ಮೆಟ್ಟಿಲಿನ ನುಣುಪು, ಇವೇ ಅವರಿಗೆ ಸಾಕು. ಅವರು ಕಾಫಿಗಾಗಿ ಕಾಯುವುದಿಲ್ಲ. ಕಾಯುವ ನೆಪದಲ್ಲಿ ಕುಳಿತು ಚಾವಣಿಯನ್ನು ನೋಡುತ್ತಾರೆ.

ನ್ಯಾಯ ಯಾರ ಕಡೆಗಿದೆ? ಇಬ್ಬರ ಕಡೆಗೂ ಇದೆ. ಮೊದಲನೆಯವರ ದೂರುಗಳಲ್ಲಿ ಅರ್ಧದಷ್ಟಕ್ಕೆ ಕಟ್ಟಡವೇ ಉತ್ತರ ಹೇಳುತ್ತದೆ. ಎತ್ತರದ ಚಾವಣಿ ಆಡಂಬರಕ್ಕೆ ಮಾತ್ರವಲ್ಲ. ಬಿಸಿಗಾಳಿ ಮೇಲಕ್ಕೇರುವುದರಿಂದ ಬೇಸಗೆಯಲ್ಲಿ ಕೆಳಗೆ ತಂಪು ಉಳಿಯುತ್ತದೆ. ದಪ್ಪ ಗೋಡೆ ಹಗಲಿನ ಕಾವನ್ನು ಒಳಗೆ ಬಿಡುವುದಿಲ್ಲ. ವಿದ್ಯುತ್ ಪಂಖವೇ ಅಪರೂಪವಾಗಿದ್ದ ಕಾಲದ ಹವಾನಿಯಂತ್ರಣವದು. ನೀರಿನ ಕೊಳವೆಗಳು ದೂರದಿಂದ ಹರಿದು ಬರಬೇಕಾದ್ದರಿಂದ, ಅವುಗಳಲ್ಲಿ ನಿಂತ ತಣ್ಣೀರು ಹೋಗುವವರೆಗೆ ಬಿಸಿನೀರಿಗೆ ಕಾಯಲೇಬೇಕು. ಹಿಂದಿನವರು ಹೊಗೆ, ವಾಸನೆ, ಬೆಂಕಿಯ ಭಯಗಳಿಗಾಗಿ ಅಡಿಗೆಮನೆಯನ್ನು ಭೋಜನಶಾಲೆಯಿಂದ ದೂರವಿಡುತ್ತಿದ್ದರು. ಅಂಥ ಮನೆಗಳಲ್ಲಿ ಪರಿಚಾರಕ ಎಷ್ಟೇ ಚುರುಕಾಗಿ ನಡೆದರೂ ದಾರಿ ಕಿರಿದಾಗುವುದಿಲ್ಲ.

ಉಳಿದರ್ಧ ದೂರುಗಳಿಗೆ ಮಾತ್ರ ಇತಿಹಾಸ ಉತ್ತರವಲ್ಲ. ತೇವದ ಗೋಡೆ, ಮಾಸಿದ ಹಾಸು, ತಣ್ಣಗಾದ ಸಾರು, ಇವು ಪುರಾತನತೆಯ ಲಕ್ಷಣಗಳಲ್ಲ, ಅಲಕ್ಷ್ಯದ ಲಕ್ಷಣಗಳು. ವಯಸ್ಸಾದ ಅಜ್ಜಿಯ ಮುಖದ ಸುಕ್ಕಿಗೆ ಘನತೆಯಿದೆ. ಅವಳ ಸೀರೆ ಹರಿದಿದ್ದರೆ ಅದು ಮನೆಯವರ ತಪ್ಪು. ಹಳೆಯ ಹೋಟೆಲುಗಳನ್ನು ನಡೆಸುವವರು ಈ ಎರಡರ ಅಂತರವನ್ನು ಮರೆತಾಗಲೇ ಅತಿಥಿಗಳು ಬೇಸರದಿಂದ ಎದ್ದು ಹೋಗುತ್ತಾರೆ.

ದುರಸ್ತಿಯೂ ಸುಲಭವಲ್ಲ. ಹಳೆಯ ಕಟ್ಟಡಗಳ ಸುಣ್ಣದ ಗಾರೆ ಮಳೆಗಾಲದ ತೇವವನ್ನು ಹೀರಿ ಬಿಸಿಲಿಗೆ ಹೊರಬಿಡುತ್ತದೆ. ಅದರ ಮೇಲೆ ಅವಸರಕ್ಕೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಸಿಕ್ಕಿಬಿದ್ದು, ವರ್ಷ ಕಳೆಯುವುದರೊಳಗೆ ಗಾರೆ ಹಪ್ಪಳದಂತೆ ಏಳುತ್ತದೆ. ಆದ್ದರಿಂದ ಹಳೆಯ ಗೋಡೆಗೆ ಹಳೆಯ ವಿದ್ಯೆ ಬಲ್ಲ ಗಾರೆಯವನೇ ಬೇಕು. ಅಂಥವರ ಸಂಖ್ಯೆ ಕಡಿಮೆಯಾಗುತ್ತಿದೆ, ಕೂಲಿ ಹೆಚ್ಚುತ್ತಿದೆ. ಹೊಸದಾಗಿ ನೂರು ಕೋಣೆಗಳ ಹೋಟೆಲು ಕಟ್ಟುವವನಿಗೆ ಇಲ್ಲದ ಚಿಂತೆ, ಐವತ್ತು ಚಿಲ್ಲರೆ ಕೋಣೆಗಳ ಹಳೆಯ ಅರಮನೆಯನ್ನು ನಡೆಸುವವನಿಗಿದೆ.

ಎರಡು ಊರುಗಳ ಪಾಠ

ಇಂಥ ಹೋಟೆಲುಗಳ ಮುಂದಿರುವ ದಾರಿಗಳಾವುವು ಎಂಬುದನ್ನು ತಿಳಿಯಲು ಮೈಸೂರನ್ನು ಬಿಟ್ಟು ಎರಡು ಮಹಾನಗರಗಳತ್ತ ನೋಡಬೇಕು.

ಮುಂಬಯಿಯಲ್ಲಿ 1871ರ ಸುಮಾರಿಗೆ ವ್ಯಾಟ್ಸನ್ ಹೋಟೆಲು ಬಾಗಿಲು ತೆರೆಯಿತು. ಅದರ ಕಬ್ಬಿಣದ ಚೌಕಟ್ಟು ಇಂಗ್ಲೆಂಡಿನಲ್ಲಿ ತಯಾರಾಗಿ ಹಡಗಿನಲ್ಲಿ ಬಂದಿತ್ತು. 1896ರ ಜುಲೈ 7ರಂದು ಲುಮಿಯೇರ್ ಸೋದರರ ಚಲಚ್ಚಿತ್ರಗಳು ಭಾರತದಲ್ಲಿ ಮೊದಲ ಸಲ ಪ್ರದರ್ಶನವಾದದ್ದು ಅಲ್ಲಿಯೇ. ಅದೇ ವರ್ಷ ಅಮೆರಿಕದ ಹಾಸ್ಯಲೇಖಕ ಮಾರ್ಕ್ ಟ್ವೇನ್ ಅಲ್ಲಿ ತಂಗಿದ್ದರು. ಇಷ್ಟು ಕೀರ್ತಿ ಪಡೆದ ಮನೆ ಮುಂದೆ ಹೋಟೆಲಾಗಿ ಉಳಿಯಲಿಲ್ಲ. ಬಾಡಿಗೆಯ ಕೋಣೆಗಳಾಗಿ, ಕಚೇರಿಗಳಾಗಿ ಹಂಚಿಹೋಯಿತು. ಯಾರೂ ಪೂರ್ಣವಾಗಿ ತಮ್ಮದೆಂದು ನೋಡಿಕೊಳ್ಳದ ಆ ಕಟ್ಟಡದ ಒಂದು ಭಾಗ 2005ರಲ್ಲಿ ಕುಸಿದು ಜೀವಹಾನಿಯಾಯಿತು.

ಕಲಕತ್ತೆಯ ಗ್ರೇಟ್ ಈಸ್ಟರ್ನ್ ಹೋಟೆಲಿನದು ಇನ್ನೊಂದು ಕಥೆ. 1840ರ ದಶಕದ ಆರಂಭದಲ್ಲಿ ಡೇವಿಡ್ ವಿಲ್ಸನ್ ಎಂಬಾತ ಸ್ಥಾಪಿಸಿದ ಆ ಹೋಟೆಲು 1970ರ ದಶಕದಲ್ಲಿ ಪಶ್ಚಿಮ ಬಂಗಾಳ ಸರ್ಕಾರದ ಆಡಳಿತಕ್ಕೆ ಸೇರಿತು. ವರ್ಷಗಳು ಕಳೆದಂತೆ ಕಳೆಗುಂದಿತು. 2005ರಲ್ಲಿ ಸರ್ಕಾರ ಅದನ್ನು ಖಾಸಗಿಯವರಿಗೆ ಮಾರಿತು. ದೀರ್ಘಕಾಲದ ದುರಸ್ತಿಯ ಅನಂತರ 2013ರಲ್ಲಿ ಮತ್ತೆ ದೀಪ ಹತ್ತಿತು. ಕಟ್ಟಡ ಉಳಿಯಿತು, ಹೆಸರು ಉಳಿಯಿತು. ಅದು ಸಣ್ಣ ಸಾಧನೆಯಲ್ಲ. ಆದರೆ ಕೋಟಿಗಟ್ಟಲೆ ಹಣ ಸುರಿದವನು ಅದನ್ನು ಅತಿಥಿಯ ಜೇಬಿನಿಂದಲೇ ಮರಳಿ ಪಡೆಯಬೇಕಾಗುತ್ತದೆಂಬುದೂ ವ್ಯಾಪಾರದ ನಿಯಮವೇ.

ಲಲಿತ ಮಹಲಿನ ಎದುರಿಗೂ ಈ ಪ್ರಶ್ನೆ ಬಂದು ನಿಂತಿತು. 2017ರಲ್ಲಿ ಕೇಂದ್ರ ಸಚಿವ ಸಂಪುಟ, ನಿಗಮವು ಅದನ್ನು ಬಿಟ್ಟುಕೊಟ್ಟು ಕರ್ನಾಟಕ ಸರ್ಕಾರಕ್ಕೆ ಒಪ್ಪಿಸಲು ಸಮ್ಮತಿಸಿತು. 2018ರಲ್ಲಿ ರಾಜ್ಯದ ಜಂಗಲ್ ಲಾಡ್ಜಸ್ ಸಂಸ್ಥೆ ಹೊಣೆ ಹೊತ್ತಿತು. ಮನೆ ಹೀಗೆ ಊರಿನವರ ಕೈಗೇ ಮರಳಿತು. ಅದರ ಜೊತೆಗೆ ಹೊಣೆಯೂ.

ಮೇಜಿನ ಬಳಿಯ ಹಕ್ಕು

ಇಂಥ ಮನೆಯಲ್ಲಿ ರಾತ್ರಿ ತಂಗುವುದು ಎಲ್ಲರಿಗೂ ಎಟುಕುವ ಮಾತಲ್ಲ. ಮಧ್ಯಮ ವರ್ಗದ ಸಂಸಾರಕ್ಕೆ ಅರಮನೆಯ ಬಾಗಿಲೆಂದರೆ ಅದರ ಭೋಜನಶಾಲೆಯೇ. ತಂದೆಯ ನಿವೃತ್ತಿಗೋ, ಮಗಳ ಪರೀಕ್ಷೆಯ ಫಲಿತಾಂಶಕ್ಕೋ, ಐವತ್ತನೆಯ ವಿವಾಹ ವಾರ್ಷಿಕಕ್ಕೋ ನಾಲ್ಕು ಕಾಸು ಕೂಡಿಟ್ಟು ಒಂದು ಹೊತ್ತು ಅಲ್ಲಿ ಕುಳಿತು ಉಣ್ಣುವ ಸಂಸಾರವೊಂದನ್ನು ಕಲ್ಪಿಸಿಕೊಳ್ಳಿ. ತಾತನಿಗೆ ಎಪ್ಪತ್ತು ದಾಟಿದೆ. ಹುಡುಗನಾಗಿದ್ದಾಗ ಅವರು ಈ ಬಿಳಿಯ ಮನೆಯನ್ನು ಬೆಟ್ಟದ ಮೇಲಿನಿಂದ ಮಾತ್ರ ಕಂಡವರು. ಈಗ ಇಸ್ತ್ರಿಯ ಅಂಗಿ ತೊಟ್ಟು, ಮುಳ್ಳುಚಮಚವನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ, ಕೈಯಿಂದಲೇ ಅನ್ನ ಕಲಸುತ್ತಾರೆ. ಪರಿಚಾರಕ ಏನೂ ಅನ್ನದೆ ಇನ್ನಷ್ಟು ತುಪ್ಪ ಬಡಿಸುತ್ತಾನೆ.

"ತಾತ, ಇಲ್ಲಿ ಮಹಾರಾಜರು ಊಟ ಮಾಡ್ತಾ ಇದ್ರಾ?" ಎಂದು ಮೊಮ್ಮಗ ಕೇಳುತ್ತಾನೆ.

"ಇಲ್ಲ ಮಗು. ಮಹಾರಾಜರ ಮನೆಗೆ ಬಂದ ನೆಂಟರು ಮಾಡ್ತಾ ಇದ್ರು."

"ಹಾಗಾದ್ರೆ ಈಗ ನಾವೇ ನೆಂಟರಾ?"

ಆ ಹುಡುಗನ ಪ್ರಶ್ನೆಗೆ "ಹೌದು" ಎಂದು ಹೇಳುವಂತಿರಬೇಕು. ಲಲಿತ ಮಹಲಿನಂಥ ಮನೆಗಳನ್ನು ಕಾಪಾಡಬೇಕಾದದ್ದು ಇದಕ್ಕಾಗಿಯೇ. ಅಲಕ್ಷ್ಯದಿಂದ ಗಾರೆ ಉದುರಿದರೂ ಆ ಬಾಗಿಲು ಮುಚ್ಚುತ್ತದೆ. ವೈಭವದ ಹೆಸರಿನಲ್ಲಿ ಊಟದ ದರ ಆಕಾಶಕ್ಕೇರಿದರೂ ಅದೇ ಬಾಗಿಲು ಮುಚ್ಚುತ್ತದೆ. ಒಂದರಲ್ಲಿ ಕಟ್ಟಡ ಹೋಗುತ್ತದೆ, ಇನ್ನೊಂದರಲ್ಲಿ ಅತಿಥಿ ಹೋಗುತ್ತಾನೆ. ನಡೆಸುವವರು ಈ ಎರಡರ ನಡುವೆ ಎಚ್ಚರದಿಂದ ಹೆಜ್ಜೆಯಿಡಬೇಕು.

ಅತಿಥಿಗೂ ಒಂದು ಕರ್ತವ್ಯವುಂಟು. ಕಾಫಿ ತಡವಾದರೆ ತುಸು ಕಾಯುವುದು, ಸಾರು ತಣ್ಣಗಿದ್ದರೆ ಸಂಕೋಚಪಡದೆ ಹೇಳುವುದು, ಬಾಗಿಲನ್ನು ಮೆಲ್ಲನೆ ಹಾಕುವುದು, ಕಂಬದ ಮೇಲೆ ಹೆಸರು ಕೆತ್ತದಿರುವುದು, ಮತ್ತೊಮ್ಮೆ ಬರುವುದು. ಮಂದಿ ಬಂದು ಉಂಡು ಹೋಗುತ್ತಿರುವವರೆಗೆ ಹಳೆಯ ಮನೆಗೆ ಉಸಿರಿರುತ್ತದೆ. ಒಲೆ ಆರಿದ ಮನೆ ಎಷ್ಟೇ ಸುಂದರವಾಗಿರಲಿ, ಅದು ಮನೆಯಾಗಿ ಉಳಿಯುವುದಿಲ್ಲ.