ಅಂಬಾಸಿಡರಿಗೆ ಬೋರ್ ಬಂತು

ನಮ್ಮ ಹೊಸಪೇಟೆ ಕಡೆ ‘ಬೋರ್’ ಅನ್ನುವ ಮಾತಿಗೆ ಮೂರು ಅರ್ಥ. ಹೊಲದಲ್ಲಿ ನೀರಿಗಾಗಿ ಕೊರೆಸುವುದು ಒಂದು ಬೋರ್. ರಜೆಯಲ್ಲಿ ಮೊಬೈಲ್ ಕಿತ್ತಿಟ್ಟರೆ ಮೊಮ್ಮಕ್ಕಳಿಗೆ ಆಗುವುದು ಇನ್ನೊಂದು ಬೋರ್. ಮೂರನೆಯದು ಗ್ಯಾರೇಜಿನದು. “ಗಾಡಿಗೆ ಬೋರ್ ಬಂದೈತ್ರಿ” ಅಂದರೆ ಇಂಜಿನ್ನಿನ ಸಿಲಿಂಡರುಗಳು ಸವೆದಿವೆ, ಅವನ್ನು ಮತ್ತೆ ದುಂಡಗೆ ಕೊರೆಸಬೇಕು ಎಂದರ್ಥ. ಕಳೆದ ಬೇಸಿಗೆಯಲ್ಲಿ ಈ ಮೂರನೆಯ ಬೋರ್ ನಮ್ಮ ಮನೆಗೆ ಬಂತು.

ನಮ್ಮದು 1982ರ ಪೆಟ್ರೋಲ್ ಅಂಬಾಸಿಡರ್. ನಮ್ಮ ಮನೆಯವರು ಸಂಡೂರಿನಲ್ಲಿ ಗಣಿ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದಾಗ ದಿನಾ ಇದರಲ್ಲೇ ಓಡಾಡಿದರು. ನೆಂಟರು ಬಂದರೆ ಹಂಪಿಗೆ, ಸುಗ್ಗಿ ಮುಗಿದರೆ ಅಕ್ಕಿ ಮೂಟೆಗೆ ಕಂಪ್ಲಿಯ ನನ್ನ ತವರಿಗೆ. ಅವರು ಹೋಗಿ ಆರು ವರ್ಷವಾಯಿತು. ಈಚೆಗೆ ಕಂಪ್ಲಿಯಿಂದ ಬರುವಾಗ ಹಿಂದೆ ನೀಲಿ ಹೊಗೆ, ಮುಂದೆ ಟಕಟಕ ಸದ್ದು. ಬೆಂಗಳೂರಿನ ಮಗ ಫೋನಿನಲ್ಲೇ ತೀರ್ಪು ಕೊಟ್ಟ: “ಅಮ್ಮಾ, ಗುಜರಿಗೆ ಹಾಕಿಬಿಡೋಣ.” ಗುಜರಿಯವನು ಬಂದು, ಕಿಲೋ ಲೆಕ್ಕದಲ್ಲಿ ರೇಟು ಹೇಳಿಯೂ ಹೋದ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ಅಳೆಯದೆ ಉತ್ತರ ಬರೆದವರಿಗೆ ಅಂಕ ಕೊಟ್ಟವಳಲ್ಲ. “ಮೊದಲು ಬಿಚ್ಚಿ ಅಳೀರಿ, ಆಮೇಲೆ ಗುಜರಿ ಮಾತು” ಎಂದು ಮೇಸ್ತ್ರಿಗೆ ಹೇಳಿದೆ. ಏಳನೇ ಕ್ಲಾಸಿನ ಮೊಮ್ಮಗ ನೋಟ್‌ಬುಕ್ ಹಿಡಿದು ಜೊತೆಗೆ ಬಂದ.

ಮಕ್ಕಳೇ, ಸೈಕಲ್ ಪಂಪು ನೋಡಿದ್ದೀರಲ್ಲ? ಕೊಳವೆಯೊಳಗೆ ಒಂದು ಬಿರಡೆ ಮೇಲೆ ಕೆಳಗೆ ಆಡುತ್ತದೆ. ಇಂಜಿನ್ನಿನಲ್ಲಿ ಕೊಳವೆಯೇ ಸಿಲಿಂಡರ್, ಬಿರಡೆಯೇ ಪಿಸ್ಟನ್. ಅಂಬಾಸಿಡರಿಗೆ ಇಂಥವು ನಾಲ್ಕು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ಬಂದ ಗಾಡಿಯಾದ್ದರಿಂದ ಅಳತೆಯೆಲ್ಲ ಇಂಚಿನದು: ಸಿಲಿಂಡರಿನ ಅಗಲ ಎರಡು ಮುಕ್ಕಾಲು ಇಂಚಿನ ಮೇಲೆ ಒಂದು ಸೂತು, ಅಂದರೆ 73.025 ಮಿ.ಮೀ. ಪಿಸ್ಟನ್ ಓಡಾಡುವ ದೂರ ಮೂರೂವರೆ ಇಂಚು, 88.9 ಮಿ.ಮೀ. ಸಿಲಿಂಡರಿನ ಘನಫಲದ ಸೂತ್ರಕ್ಕೆ ಹಾಕಿ ನಾಲ್ಕರಿಂದ ಗುಣಿಸಿ ನೋಡಿ, 1489 ಸಿ.ಸಿ. ಬರುತ್ತದೆ.

ಸಿಲಿಂಡರ್ ಸವೆದರೆ ಅದನ್ನು ಸ್ವಲ್ಪ ಅಗಲಕ್ಕೆ ಕೊರೆದು ದಪ್ಪ ಪಿಸ್ಟನ್ ಹಾಕುತ್ತಾರೆ. ಇಂಚಿನ ಸಾವಿರದ ಒಂದು ಭಾಗಕ್ಕೆ ಗ್ಯಾರೇಜಿನಲ್ಲಿ ‘ಥೌ’ ಅನ್ನುತ್ತಾರೆ. ಈ ಇಂಜಿನ್ನಿಗೆ 10, 20, 30, 40 ಥೌ ಹೆಚ್ಚಿನ ಪಿಸ್ಟನ್ ಬರುತ್ತಿದ್ದವು. 40ರ ಹೊತ್ತಿಗೆ ಇಂಜಿನ್ 1531 ಸಿ.ಸಿ. ಆಗಿರುತ್ತದೆ. ಅಲ್ಲಿಗೆ ಕೊರೆಯುವುದು ಮುಗಿಯಿತು. ನಮ್ಮದರ ಮೊದಲನೆಯ ಪಿಸ್ಟನ್ನಿನ ತಲೆಯ ಮೇಲೆ 040 ಎಂದೇ ಒತ್ತಿತ್ತು. ಮೇಸ್ತ್ರಿ ಮುಖ ಸಣ್ಣದು ಮಾಡಿಕೊಂಡು “ಇನ್ನ ಕೊರೆಯಾಕ ಜಾಗ ಇಲ್ರಿ ಟೀಚರ್” ಎಂದ.

ಆದರೂ ಅಳೆದೆವು. ಪಿಸ್ಟನ್ನಿಗೆ ಮೈಕ್ರೋಮೀಟರ್. ಕಾಲೇಜಿನ ಲ್ಯಾಬಿನಲ್ಲಿ ಸ್ಕ್ರೂ ಗೇಜ್ ಹಿಡಿದವರಿಗೆ ಇದು ಅದರ ಅಣ್ಣ, ಮಿಲಿಮೀಟರಿನ ನೂರರಲ್ಲಿ ಒಂದು ಪಾಲನ್ನು ಹೇಳುತ್ತದೆ. ಮೊಮ್ಮಗ ಪಿಸ್ಟನ್ನಿನ ತಲೆಯ ಹತ್ತಿರ ಹಿಡಿದ. 73.52 ಬಂತು. “ಅಲ್ಲಲ್ಲ ತಮ್ಮಾ, ಲಂಗದ ಹತ್ರ ಹಿಡಿ” ಎಂದ ಮೇಸ್ತ್ರಿ. ಪಿಸ್ಟನ್ನಿನ ಕೆಳಭಾಗಕ್ಕೆ ‘ಸ್ಕರ್ಟ್’ ಎಂದು ಹೆಸರು; ನಮ್ಮ ಮೇಸ್ತ್ರಿಗೆ ಅದು ಲಂಗ. ಅದೂ ಪಿನ್ನು ತೂರುವ ತೂತಿಗೆ ಅಡ್ಡಲಾಗಿ ಹಿಡಿಯಬೇಕು. ಈ ಸಲ 73.97.

ಒಂದೇ ಪಿಸ್ಟನ್ನಿಗೆ ಎರಡು ಅಳತೆ ಹೇಗೆ? ಪಿಸ್ಟನ್ ನೋಡಲು ಡಬ್ಬಿಯಂತೆ ದುಂಡಗಿದ್ದರೂ ನಿಜಕ್ಕೂ ದುಂಡಗಿಲ್ಲ. ಅದು ಅಲ್ಯೂಮಿನಿಯಂ, ಕಾಸಿದರೆ ಎರಕದ ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. ಬೆಂಕಿ ತಾಗುವ ತಲೆ ಹೆಚ್ಚು ಹಿಗ್ಗುವುದರಿಂದ ಅದನ್ನು ಮೊದಲೇ ಸಣ್ಣದಾಗಿ ಮಾಡಿರುತ್ತಾರೆ. ಪಿನ್ನಿನ ಸುತ್ತ ಲೋಹ ದಪ್ಪ. ಆ ದಿಕ್ಕಿನಲ್ಲೂ ಕೊಂಚ ಕಡಿಮೆ. ತಣ್ಣಗಿರುವಾಗ ಸೊಟ್ಟಗಿದ್ದದ್ದು ಬಿಸಿಯಾದಾಗ ದುಂಡಗಾಗುತ್ತದೆ. ಮೂವತ್ತು ವರ್ಷ ವೃತ್ತದ ಪಾಠ ಮಾಡಿದ ನನಗೆ ಇದು ಹೊಸದು, ಬಹಳ ಖುಷಿ ಕೊಟ್ಟದ್ದು.

ಮೂರನೆಯ ಪಿಸ್ಟನ್ ಲಂಗದಲ್ಲಿ 73.73 ತೋರಿಸಿತು. ಮೂರು ಸಲ ಅಳೆದರೂ ಅಷ್ಟೇ. ತಲೆಯ ಮೇಲಿನ ಮಸಿ ಕೆರೆದು ನೋಡಿದರೆ 030! ಹಿಂದೆ ಯಾವುದೋ ಗ್ಯಾರೇಜಿನಲ್ಲಿ ಒಂದು ಪಿಸ್ಟನ್ ಒಡೆದಾಗ ಸಿಕ್ಕಿದ್ದನ್ನು ತುರುಕಿದ್ದರು. ಪಿಸ್ಟನ್ನಿಗೂ ಗೋಡೆಗೂ ನಡುವೆ ಕೂದಲೆಳೆಗಿಂತ ಕಡಿಮೆ ಸಂದು ಇರಬೇಕಾದಲ್ಲಿ ನಾಲ್ಕು ಕೂದಲಿನಷ್ಟಿತ್ತು. ಟಕಟಕ ಸದ್ದು ಅದರದೇ. ಕ್ರ್ಯಾಂಕ್ ಹೋಗಿದೆ, ಇಂಜಿನ್ ಮುಗಿಯಿತು ಎಂದು ಎಲ್ಲರೂ ಹೆದರಿಸಿದ್ದೇ ಬಂತು. ಕ್ರ್ಯಾಂಕ್ ಅಳೆದರೆ ನೆಟ್ಟಗಿತ್ತು.

ಹೊಗೆಯ ಕಾರಣ ಮಾತ್ರ ಸಿಲಿಂಡರಿನಲ್ಲೇ ಇತ್ತು. ಬೋರ್ ಗೇಜ್ ಇಳಿಸಿ ಪ್ರತಿ ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ, ಉದ್ದಕ್ಕೂ ಅಡ್ಡಕ್ಕೂ ಅಳೆದೆವು. ಕೆಳಗೆ 74.04 ಇದ್ದದ್ದು ಮೇಲೆ 74.17. ಮೂರನೆಯದು 74.30. ಮೇಲ್ತುದಿಯಲ್ಲಿ ಉರಿ, ಒತ್ತಡ ಎರಡೂ ಜಾಸ್ತಿ, ಎಣ್ಣೆ ಕಡಿಮೆ; ಸವೆತ ಅಲ್ಲೇ. ಅದರ ಜೊತೆಗೆ ಸಂಡೂರಿನ ಕೆಂಧೂಳು. ಕಬ್ಬಿಣದ ಆಕ್ಸೈಡಿನ ನುಣ್ಣನೆ ಪುಡಿಯಿಂದ ಒಡವೆಗೆ ಹೊಳಪು ಕೊಡುತ್ತಾರೆ. ಅದಿರಿನ ಧೂಳು ಫಿಲ್ಟರ್ ದಾಟಿ ಎಣ್ಣೆಗೆ ಸೇರಿದರೆ ಸಿಲಿಂಡರಿಗೂ ಅದೇ ಉಜ್ಜಾಟ, ನಿಲ್ಲಿಸುವವರಿಲ್ಲ ಅಷ್ಟೆ.

ದಾರಿ ಒಂದಿತ್ತು: ಲೈನರ್. ಸವೆದ ಸಿಲಿಂಡರನ್ನು ಇನ್ನೂ ಅಗಲಕ್ಕೆ ಕೊರೆದು, ಒಳಗೆ ತೆಳುವಾದ ಎರಕದ ಕಬ್ಬಿಣದ ಕೊಳವೆಯನ್ನು ಬಿಗಿಯಾಗಿ ಒತ್ತಿ ಕೂರಿಸುವುದು. ಆಮೇಲೆ ಅದನ್ನು ಮೊದಲಿನ 73.025ಕ್ಕೇ ಕೊರೆಯುವುದು. ಬ್ಲಾಕಿನಲ್ಲಿ ಬಿರುಕು ಇರಬಾರದು; ಇರಲಿಲ್ಲ. ಮಗನಿಗೆ ನೋಟ್‌ಬುಕ್ಕಿನ ಪುಟದ ಫೋಟೊ ಕಳಿಸಿದೆ. ಅರ್ಧ ಗಂಟೆ ಬಿಟ್ಟು “ಸರಿ, ಮಾಡಿಸಿ” ಎಂದು ಬರೆದ.

ಬಿಚ್ಚುವಾಗಲೇ ಮೇಸ್ತ್ರಿ ಕನೆಕ್ಟಿಂಗ್ ರಾಡುಗಳಿಗೂ ಅವುಗಳ ಕ್ಯಾಪುಗಳಿಗೂ 1, 2, 3, 4 ಎಂದು ಗುರುತು ಹಾಕಿ, ಯಾವ ಕಡೆ ಮುಂದೆ ಎಂದೂ ಬರೆಸಿದ್ದ. ಇದು ನಮ್ಮೂರಿಗೆ ಹೊಸದಲ್ಲ. ಹಂಪಿಯ ಅರಮನೆ ಆವರಣದ ಮೆಟ್ಟಿಲು ಪುಷ್ಕರಣಿಗೆ ಹೋದರೆ ಕಪ್ಪು ಕಲ್ಲುಗಳನ್ನು ಹತ್ತಿರದಿಂದ ನೋಡಿ. ಯಾವ ದಿಕ್ಕು, ಯಾವ ಸಾಲು, ಯಾವ ಜಾಗ ಎಂದು ಕಲ್ಲಿನ ಮೇಲೇ ಗುರುತು ಕೆತ್ತಿದ್ದಾರೆ. ಬೇರೆಡೆ ಕಡೆದು ತಂದು ಇಲ್ಲಿ ಜೋಡಿಸಿದ ಕೆಲಸ. ಗುರುತಿಲ್ಲದಿದ್ದರೆ ಅಷ್ಟು ಕಲ್ಲು ಹೇಗೆ ಕೂಡುತ್ತಿದ್ದವೋ!

ಹೊಸ ಪಿಸ್ಟನ್ನುಗಳು ಬಂದ ದಿನ ಡಬ್ಬಿಯ ಮೇಲಿನ ‘ಸ್ಟ್ಯಾಂಡರ್ಡ್’ ಚೀಟಿ ಯಾರೂ ಓದಲಿಲ್ಲ. ನಾಲ್ಕನ್ನೂ ಅಳೆದೇ ಅಂಗಡಿಗೆ ಕೊಟ್ಟೆವು. ಒಂದೊಂದು ಪಿಸ್ಟನ್ನಿಗೆ ತಕ್ಕಂತೆ ಒಂದೊಂದು ಸಿಲಿಂಡರನ್ನು ಹೋನಿಂಗ್ ಮಾಡಿದರು. ಗೋಡೆಯ ಮೇಲೆ ಚಾಪೆಯ ನೇಯ್ಗೆಯಂತೆ ಓರೆ ಗೆರೆಗಳು ಬಿದ್ದವು. ಎಣ್ಣೆ ನಿಲ್ಲುವುದು ಆ ಗೆರೆಗಳಲ್ಲೇ. ರಿಂಗನ್ನು ಸಿಲಿಂಡರಿಗೆ ಇಳಿಸಿ, ಪಿಸ್ಟನ್ನನ್ನೇ ತಲೆಕೆಳಗು ಮಾಡಿ ನೆಟ್ಟಗೆ ತಳ್ಳಿ, ಬಾಯಿಯ ಸಂದಿಗೆ ಫೀಲರ್ ಗೇಜ್ ತೂರಿಸಿದ್ದು ಮೊಮ್ಮಗ. 0.30 ಬಂತು.

ಮೊದಲ 800 ಕಿಲೋಮೀಟರ್ ಗಂಟೆಗೆ 60 ಮೀರಬಾರದು ಎಂದಿದ್ದಾನೆ ಮೇಸ್ತ್ರಿ. ಕಂಪ್ಲಿಗೆ ಎರಡು ಸಲ, ಸಂಡೂರಿಗೆ ಒಂದು ಸಲ ಹೋಗಿ ಬಂದಾಯಿತು. ಸಂಡೂರಿಗೆ ಹೊರಡುವ ಮುಂಚೆ ಏರ್ ಫಿಲ್ಟರ್ ಬಿಚ್ಚಿ ತೊಳೆಯುವುದು ಈಗ ಮೊಮ್ಮಗನ ಕೆಲಸ. ಗಾಡಿಯಲ್ಲಿ ನೋಟ್‌ಬುಕ್ ಇದೆ. ನಾಲ್ಕು ಸಿಲಿಂಡರಿಗೆ ನಾಲ್ಕು ಸಾಲು. ಪ್ರತಿ ಸಾಲಿನಲ್ಲಿ ‘ಒತ್ತಿದ್ದು’ ಒಂದು ಕಾಲಂ, ‘ಅಳೆದದ್ದು’ ಇನ್ನೊಂದು. ಕೆಳಗೆ ಪೆನ್ಸಿಲಿನಲ್ಲಿ: “612 ಕಿ.ಮೀ. ಆಯಿಲ್ ಇಳಿದಿಲ್ಲ.”