ಗೋಡೆಯ ಮೇಲಿನ ಸರ್ಟಿಫಿಕೇಟ್ ಯಾರದು?

ಮುಂದಿನ ಸಲ ಮೆಡಿಕಲ್‌ಗೆ ಹೋದಾಗ ಗೋಡೆಯ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಚೌಕಟ್ಟು ಹಾಕಿದ ಲೈಸನ್ಸಿನಲ್ಲಿ ಒಬ್ಬ ಫಾರ್ಮಸಿಸ್ಟರ ಹೆಸರು ಇರುತ್ತದೆ. ಆ ಹೆಸರಿನವರು ಅಂಗಡಿಯಲ್ಲಿ ಇದ್ದಾರೆಯೇ?

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಉಮ್ಮನ ಸಕ್ಕರೆ ಕಾಯಿಲೆಗೆ ವೈದ್ಯರು 1 ಎಂ.ಜಿ. ಮಾತ್ರೆ ಬರೆದಿದ್ದರು. ಅಂಗಡಿಯ ಹುಡುಗ ಅದೇ ಹೆಸರಿನ 2 ಎಂ.ಜಿ. ಕೊಟ್ಟ. ಹೆಸರು ಸರಿಯಾಗಿಯೇ ಇತ್ತು, ಸಂಖ್ಯೆಯನ್ನು ನಾವೂ ನೋಡಲಿಲ್ಲ. ಮೂರನೆಯ ದಿನ ಅಸರ್ ನಮಾಝಿಗೆ ವುಝೂ ಮಾಡಲು ಎದ್ದ ಉಮ್ಮ ಬೆವತು ಕುಸಿದರು. ಸಕ್ಕರೆ ನೀರು ಕುಡಿಸಿ ಆಸ್ಪತ್ರೆಗೆ ಒಯ್ದೆವು. ಅಲ್ಲಾಹನ ಅನುಗ್ರಹದಿಂದ ಉಳಿದರು. ಆ ಹುಡುಗ ಕೆಟ್ಟವನಲ್ಲ. ಪಿಯುಸಿ ಮುಗಿಸಿ ಕೆಲಸಕ್ಕೆ ಸೇರಿದವನು, ಕಲಿಸಿದವರು ಯಾರೂ ಇರಲಿಲ್ಲ. ಗೋಡೆಯ ಮೇಲೆ ಹೆಸರಿದ್ದ ಫಾರ್ಮಸಿಸ್ಟ್ ಅಂದು ಅಂಗಡಿಯಲ್ಲಿ ಇರಲಿಲ್ಲ.

ಇದಾದ ನಂತರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿ ಬಂದು, "ಮಗಳದ್ದು ಪಿಯುಸಿ ಸೈನ್ಸ್ ಆಯಿತು ಟೀಚರ್. ಮೆಡಿಕಲ್‌ನಲ್ಲಿ ಕೆಲಸ ಉಂಟಂತೆ, ಕಳಿಸಲಾ?" ಎಂದು ಕೇಳಿದರು. "ಕಳಿಸಿ, ಆದರೆ ಎರಡು ವರ್ಷ ಕಲಿಸಿ ಕಳಿಸಿ" ಎಂದೆ. ಹಾಗೇಕೆ ಹೇಳಿದೆ ಎಂಬುದನ್ನು ನಿಮಗೂ ತಿಳಿಸಬೇಕು ಅನಿಸಿತು.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ 1948ರ ಫಾರ್ಮಸಿ ಕಾಯಿದೆ ಇದೆ. ವೈದ್ಯರ ಚೀಟಿಯ ಮೇಲೆ ಔಷಧಿ ಕೊಡುವ ಹಕ್ಕು ನೋಂದಾಯಿತ ಫಾರ್ಮಸಿಸ್ಟರಿಗೆ ಮಾತ್ರ ಎಂದು ಅದರ 42ನೇ ಕಲಮು ಹೇಳುತ್ತದೆ. ಹೆಚ್ಚು ಎಚ್ಚರಿಕೆ ಬೇಕಾದ ಕೆಲವು ಆ್ಯಂಟಿಬಯೋಟಿಕ್, ಕ್ಷಯದ ಔಷಧಿ ಮತ್ತು ನಿದ್ರೆ ಮಾತ್ರೆಗಳನ್ನು 2013ರಲ್ಲಿ ಎಚ್-1 ಎಂಬ ಪಟ್ಟಿಗೆ ಸೇರಿಸಲಾಯಿತು. ಅವನ್ನು ಮಾರಿದರೆ ವೈದ್ಯರ ಹೆಸರು, ರೋಗಿಯ ಹೆಸರು, ಔಷಧಿಯ ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. ಅಂದರೆ ಮೆಡಿಕಲ್ ಎಂಬುದು ಜೀನಸಿನ ಅಂಗಡಿಯಂತಲ್ಲ, ಅದೊಂದು ಅಮಾನತ್ತು.

ವೈದ್ಯ ವಿದ್ಯೆ ಅರಿಯದೆ ಚಿಕಿತ್ಸೆಗೆ ಇಳಿದವನೇ ಅದರ ಹಾನಿಗೆ ಹೊಣೆಗಾರ ಎಂಬ ಅರ್ಥದ ಪ್ರವಾದಿ(ಸ) ವಚನವನ್ನು ನಾವು ಮದ್ರಸದಲ್ಲಿ ಓದಿದ್ದೇವೆ. ನಮ್ಮ ಪೂರ್ವಿಕರು ಅದನ್ನು ಗಂಭೀರವಾಗಿ ತೆಗೆದುಕೊಂಡರು. ಔಷಧಿ ಮಾರುವವರ ತೂಕವನ್ನೂ ಕಲಬೆರಕೆಯನ್ನೂ ಪರೀಕ್ಷಿಸಲು ಮುಹ್ತಸಿಬ್ ಎಂಬ ಅಧಿಕಾರಿ ಇದ್ದರು. ಹನ್ನೊಂದನೇ ಶತಮಾನದಲ್ಲಿ ಅಲ್‌ಬೀರೂನಿ ಔಷಧಿಗಳ ಹೆಸರುಗಳನ್ನು ಹಲವು ಭಾಷೆಗಳಲ್ಲಿ ಸಂಗ್ರಹಿಸಿ 'ಕಿತಾಬುಸ್ಸೈದನ' ಬರೆದರು. 1248ರಲ್ಲಿ ದಮಾಸ್ಕಸ್‌ನಲ್ಲಿ ನಿಧನರಾದ ಇಬ್ನುಲ್ ಬೈತಾರ್ ಸುಮಾರು 1,400 ಔಷಧಿ ವಸ್ತುಗಳನ್ನು ದಾಖಲಿಸಿದರು. ಗಲ್ಫಿಗೆ ಹೋಗಿ ಬಂದವರನ್ನು ಕೇಳಿ, ಅಲ್ಲಿ ಔಷಧಿ ಅಂಗಡಿಯ ಬೋರ್ಡಿನಲ್ಲಿ ಇಂದಿಗೂ 'ಸೈದಲಿಯ' ಎಂದೇ ಇರುತ್ತದೆ.

ಏನು ಕಲಿಯಬೇಕು?

ಈ ಕೆಲಸಕ್ಕೆ ಕನಿಷ್ಠ ಅರ್ಹತೆ ಡಿ.ಫಾರ್ಮ, ಅಂದರೆ ಡಿಪ್ಲೊಮಾ ಇನ್ ಫಾರ್ಮಸಿ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರ ಅಥವಾ ಗಣಿತ ಓದಿರಬೇಕು. ಓದು ಎರಡು ವರ್ಷ. ಶರೀರ ರಚನೆ, ಔಷಧಿ ತಯಾರಿಕೆ, ಔಷಧಿಯು ದೇಹದಲ್ಲಿ ಮಾಡುವ ಕೆಲಸ, ಆಸ್ಪತ್ರೆ ಫಾರ್ಮಸಿ, ಕಾನೂನು ಮತ್ತು ನೀತಿ ಮುಖ್ಯ ವಿಷಯಗಳು. ಬಳಿಕ ಮೂರು ತಿಂಗಳಿಗೆ ಕಡಿಮೆಯಿಲ್ಲದಂತೆ 500 ಗಂಟೆಗಳ ಪ್ರಾಯೋಗಿಕ ತರಬೇತಿ. 2022ರ ನಿಯಮದಂತೆ ನೋಂದಣಿಗೆ ಮೊದಲು ಮೂರು ಪತ್ರಿಕೆಗಳ ಎಕ್ಸಿಟ್ ಪರೀಕ್ಷೆಯೂ ಇದೆ. ಕೊನೆಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಮುಂದೆ ಓದುವ ಆಸೆಯಿದ್ದರೆ ಬಿ.ಫಾರ್ಮದ ಎರಡನೇ ವರ್ಷಕ್ಕೆ ನೇರ ಸೇರುವ ದಾರಿಯೂ ಉಂಟು.

ಮಂಗಳೂರಿನ ಹೆಣ್ಣು ಮಕ್ಕಳು ಇದಕ್ಕಾಗಿ ದೂರದ ಊರಿಗೆ ಹೋಗಬೇಕಿಲ್ಲ. ವಳಚ್ಚಿಲ್, ವಾಮಂಜೂರು, ದೇರಳಕಟ್ಟೆಗಳಲ್ಲಿ ಫಾರ್ಮಸಿ ಕಾಲೇಜುಗಳಿವೆ. ಎಲ್ಲ ಕಡೆ ಡಿಪ್ಲೊಮಾ ಇರಬೇಕೆಂದಿಲ್ಲ, ವಿಚಾರಿಸಿ ತಿಳಿಯಿರಿ. ಹಣ ಕಟ್ಟುವ ಮೊದಲು ಆ ಕೋರ್ಸಿಗೆ ಭಾರತೀಯ ಫಾರ್ಮಸಿ ಪರಿಷತ್ತಿನ ಅನುಮೋದನೆ ಇದೆಯೇ ಎಂದು ಖಂಡಿತ ನೋಡಿ. 'ಫಾರ್ಮಸಿ ಅಸಿಸ್ಟೆಂಟ್' ಎಂಬ ಕೆಲವು ತಿಂಗಳ ಕೋರ್ಸುಗಳೂ ಇವೆ. ಅವು ಸಹಾಯಕರ ಕೆಲಸಕ್ಕೆ ಸಾಕು, ನೋಂದಣಿ ಮಾತ್ರ ಸಿಗದು. ವಿದ್ಯಾರ್ಥಿವೇತನದ ಬಗ್ಗೆ ಜಿಲ್ಲಾ ಅಲ್ಪಸಂಖ್ಯಾತರ ಕಲ್ಯಾಣ ಕಚೇರಿಯಲ್ಲಿ ಕೇಳಿ. ಬಡ ಮನೆಯ ಹುಡುಗಿಯಾದರೆ ಜಮಾಅತಿನವರು ಝಕಾತ್ ಹಣದಿಂದ ನೆರವಾಗಲಿ. ಮದುವೆಗೆ ಚಿನ್ನ ಕೂಡಿಸಿ ಕೊಡುವವರು ಓದಿಗೂ ಕೊಡಬಾರದೇ?

ಕೆಲಸ ಆಸ್ಪತ್ರೆಗಳ ಫಾರ್ಮಸಿಯಲ್ಲಿದೆ, ಮೆಡಿಕಲ್‌ಗಳಲ್ಲಿದೆ. ಜನೌಷಧಿ ಕೇಂದ್ರ ತೆರೆಯುವುದಕ್ಕೂ ಫಾರ್ಮಸಿಸ್ಟ್ ಬೇಕೇ ಬೇಕು. ಗಲ್ಫ್ ದೇಶಗಳಲ್ಲಿ ಡಿಪ್ಲೊಮಾದವರನ್ನು ಸಾಮಾನ್ಯವಾಗಿ 'ಫಾರ್ಮಸಿ ಟೆಕ್ನೀಷಿಯನ್' ಎಂಬ ದರ್ಜೆಯಲ್ಲಿ ತೆಗೆದುಕೊಳ್ಳುತ್ತಾರೆ. ಅದಕ್ಕೆ ಆಯಾ ದೇಶದ ಪರೀಕ್ಷೆ, ಪರವಾನಗಿ ಬೇರೆಯೇ ಇವೆ.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಗರ್ಭಿಣಿಯ ತೊಂದರೆ, ಮುಟ್ಟಿನ ನೋವು, ಹಚ್ಚುವ ಮುಲಾಮು, ಇವನ್ನು ಗಂಡಸರ ಮುಂದೆ ಕೇಳಲಾಗದೆ ನಮ್ಮ ಎಷ್ಟೋ ಹೆಂಗಸರು ಚೀಟಿಯನ್ನು ಮಕ್ಕಳ ಕೈಯಲ್ಲಿ ಕಳಿಸುತ್ತಾರೆ. ಹೇಗೆ ಬಳಸಬೇಕೆಂದು ಮಗು ಕೇಳೀತೇ? ಕೌಂಟರಿನಲ್ಲಿ ಒಬ್ಬ ಸಹೋದರಿ ಇದ್ದು ಬ್ಯಾರಿ ಭಾಷೆಯಲ್ಲಿ, "ಇದು ಊಟದ ನಂತರ, ಇದು ರಾತ್ರಿ" ಎಂದು ತಿಳಿಸಿ ಹೇಳಿದರೆ ಅದೆಂಥ ಸೇವೆ! ಗಾಯಾಳುಗಳನ್ನು ತನ್ನ ಡೇರೆಯಲ್ಲಿ ಶುಶ್ರೂಷೆ ಮಾಡಿದ ರುಫೈದಾ(ರ) ನಮ್ಮ ಹೆಣ್ಣು ಮಕ್ಕಳಿಗೆ ಮಾದರಿಯಲ್ಲವೇ?

ಬಾಡಿಗೆಯ ಸರ್ಟಿಫಿಕೇಟ್

ಆ ಹುಡುಗಿ ಡಿ.ಫಾರ್ಮ ಮುಗಿಸಿದಳು, ನೋಂದಣಿಯೂ ಆಯಿತು, ನಿಕಾಹ್ ಕೂಡಾ ಆಯಿತು. ಒಂದು ದಿನ ಫೋನ್ ಮಾಡಿ, "ಟೀಚರ್, ಒಬ್ಬರು ನನ್ನ ಸರ್ಟಿಫಿಕೇಟ್ ಕೇಳುತ್ತಿದ್ದಾರೆ. ಅಂಗಡಿಗೆ ಹೋಗಬೇಕಾಗಿಲ್ಲವಂತೆ, ತಿಂಗಳಿಗಿಷ್ಟು ಅಂತ ಕೊಡುತ್ತಾರಂತೆ. ಮನೆಯಲ್ಲೇ ಕೂತು ಸಿಗುವ ಹಣ, ಬೇಡ ಅನ್ನಬೇಡ ಅಂತ ಮಾಮಿ ಹೇಳುತ್ತಾರೆ" ಎಂದಳು.

ನಾನು ಉಮ್ಮನ ಕಥೆ ಹೇಳಿದೆ. ಅಂದು ಗೋಡೆಯ ಮೇಲಿದ್ದ ಹೆಸರಿನವರೂ ಬಹುಶಃ ಹೀಗೆಯೇ ಮನೆಯಲ್ಲಿ ಕೂತಿದ್ದರು. ನೀನಿಲ್ಲದ ಅಂಗಡಿಯಲ್ಲಿ ನಿನ್ನ ಹೆಸರಿನ ಮೇಲೆ ತಪ್ಪು ಮಾತ್ರೆ ಹೋದರೆ ಕಾನೂನಿನ ಮುಂದೆ ಮಾತ್ರವಲ್ಲ, ಅಲ್ಲಾಹನ ಮುಂದೆಯೂ ಉತ್ತರ ಕೊಡಬೇಕಾದವಳು ನೀನು. ಇಲ್ಲದವಳನ್ನು ಇದ್ದಾಳೆ ಎಂದು ತೋರಿಸಿ ಪಡೆಯುವ ಹಣ ವಂಚನೆಯದ್ದು, ಅದರಲ್ಲಿ ಬರಕತ್ ಎಲ್ಲಿಂದ ಬರಬೇಕು? ಇಷ್ಟೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನ್ ಇಟ್ಟಳು.

ಮಾಮಿಯನ್ನು ಒಪ್ಪಿಸಲು ಅವಳಿಗೆ ಕೆಲವು ತಿಂಗಳು ಬೇಕಾದವು. ಈಗ ಒಂದು ಆಸ್ಪತ್ರೆಯ ಫಾರ್ಮಸಿಯಲ್ಲಿ ಬೆಳಗ್ಗಿನ ಪಾಳಿಗೆ ಹೋಗುತ್ತಾಳೆ, ಮಧ್ಯಾಹ್ನದ ಬಸ್ಸಿಗೆ ಮನೆ ಸೇರುತ್ತಾಳೆ. ಮಗುವನ್ನು ನೋಡಿಕೊಳ್ಳುವವರು ಅದೇ ಮಾಮಿ. ಮೊನ್ನೆ ಅವರ ರಕ್ತದೊತ್ತಡದ ಮಾತ್ರೆಯ ಪಟ್ಟಿಯನ್ನು ಬೆಳಕಿಗೆ ಹಿಡಿದು, ತಾರೀಕು ಮುಗಿದಿದೆ ಎಂದು ತೋರಿಸಿಕೊಟ್ಟವಳು ಇವಳೇ. "ಕಲಿಸಿದ್ದು ಒಳ್ಳೆಯದಾಯಿತು" ಎಂದರಂತೆ.

ಸಹೋದರಿಯರೇ, ಮಗಳು ಸೈನ್ಸ್ ಮುಗಿಸಿದ್ದರೆ ಈ ದಾರಿಯ ಬಗ್ಗೆ ಅವಳೊಂದಿಗೆ ಮಾತಾಡಿ. ಅವಳ ಹೆಸರು ಗೋಡೆಯ ಮೇಲೆ ಬರುವುದಾದರೆ, ಆ ಗೋಡೆಯ ಕೆಳಗೆ ಅವಳೂ ನಿಂತಿರಲಿ. ಮಾತ್ರೆ ಕೊಂಡಾಗ ಹೆಸರಿನ ಜೊತೆ ಎಂ.ಜಿ.ಯನ್ನೂ ತಾರೀಕನ್ನೂ ನೀವೂ ಓದಿ. ನಮ್ಮ ಉಮ್ಮಂದಿರ ಜೀವ ಆ ಸಣ್ಣ ಅಂಕಿಯಲ್ಲಿದೆ.