ನಾರ್ವೆಯ ಸೇತುವೆ, ನಮ್ಮೂರ ಲಾಂಚು

ಸಮುದ್ರದ ನಡುವೆ ಮೇಲಕ್ಕೇರಿ, ಅರ್ಧದಲ್ಲೇ ಆಕಾಶಕ್ಕೆ ಕತ್ತರಿಸಿಟ್ಟಂತೆ ಕಾಣುವ ಸೇತುವೆಯ ರೀಲ್ಸನ್ನು ನೀವೂ ನೋಡಿರುತ್ತೀರಿ. ಅದು ನಾರ್ವೆಯ ಅಟ್ಲಾಂಟಿಕ್ ಓಷನ್ ರಸ್ತೆಯಲ್ಲಿರುವ ಸ್ಟೋರ್‌ಸೈಸುಂಡೆಟ್ ಸೇತುವೆ. ಸಿವಿಲ್ ಓದುತ್ತಿರುವ ನನಗೆ ಕಳೆದ ಸೆಮಿಸ್ಟರ್ ರಜೆಯಲ್ಲಿ ಅದನ್ನು ಕಣ್ಣಾರೆ ನೋಡುವ ಅವಕಾಶ ಸಿಕ್ಕಿತು.

ಜರ್ಮನಿಯಲ್ಲಿರುವ ಅಕ್ಕ, ಭಾವ ತಮ್ಮ ಹಡಗು ಪ್ರವಾಸಕ್ಕೆ ನನ್ನನ್ನೂ ಸೇರಿಸಿಕೊಂಡಿದ್ದರು. ಹಡಗು ಕ್ರಿಸ್ಟಿಯನ್‌ಸುಂಡ್ ಬಂದರಿನಲ್ಲಿ ನಿಂತ ದಿನ ದೊಡ್ಡ ಬಸ್ಸಿನ ಬದಲು ಗೈಡ್ ಸಮೇತ ಸಣ್ಣ ವ್ಯಾನ್ ಮಾಡಿಕೊಂಡೆವು. ಬೇಕೆಂದಲ್ಲಿ ನಿಲ್ಲಿಸಬಹುದು ಎಂಬುದೇ ಇದರ ಅನುಕೂಲ. ಆದರೆ ಹೀಗೆ ಸ್ವಂತವಾಗಿ ಹೋದವರಿಗಾಗಿ ಹಡಗು ಕಾಯುವುದಿಲ್ಲ. ಭಾವನ ಕಣ್ಣು ಗಡಿಯಾರದ ಮೇಲೇ ಇತ್ತು.

ಊರು ದಾಟುತ್ತಲೇ ಸಮುದ್ರದಡಿಯ ಸುರಂಗ. 5.7 ಕಿ.ಮೀ. ಉದ್ದ, ಸಮುದ್ರಮಟ್ಟಕ್ಕಿಂತ 250 ಮೀಟರ್ ಕೆಳಗೆ. ಹೊರಬಂದರೆ ಆವೆರೊಯ್ ದ್ವೀಪ. ಅಲ್ಲಿಂದ ಮುಖ್ಯ ಭೂಭಾಗದವರೆಗೆ ಪುಟ್ಟ ನಡುಗಡ್ಡೆಗಳನ್ನು ಹೂವಿನಂತೆ ಪೋಣಿಸುತ್ತಾ, 8 ಸೇತುವೆಗಳನ್ನು ದಾಟುತ್ತಾ ಸುಮಾರು 8.3 ಕಿ.ಮೀ. ರಸ್ತೆ ಸಾಗುತ್ತದೆ.

ಇವುಗಳಲ್ಲಿ ಉದ್ದದ್ದೇ ರೀಲ್ಸಿನ ಸೇತುವೆ: 260 ಮೀಟರ್. ಕೆಳಗೆ ದೋಣಿಗಳು ಹೋಗಲೆಂದು 23 ಮೀಟರ್ ಎತ್ತರ ಬಿಟ್ಟಿದ್ದಾರೆ. ಏರುತ್ತಲೇ ತಿರುಗುವುದರಿಂದ ಒಂದು ಕೋನದಲ್ಲಿ ಅದರ ಆಚೆ ಬದಿ ಮರೆಯಾಗುತ್ತದೆ. ಗುಟ್ಟು ಅಷ್ಟೇ. ಕಂಬದಿಂದ ಮುಂದಕ್ಕೆ ಕೈಚಾಚಿದಂತೆ ನಿಲ್ಲುವ ಕ್ಯಾಂಟಿಲಿವರ್ ರಚನೆಯನ್ನು ಬೋರ್ಡಿನ ಮೇಲೆ ಎಷ್ಟೋ ಸಲ ಬಿಡಿಸಿದ್ದೆ. ಗಾಳಿಗೆ ಜಾಕೆಟ್ ಹಿಡಿದುಕೊಂಡು ಅದರ ಕೆಳಗೆ ನಿಂತಾಗ ಚಿತ್ರದ ಭಾರ ಅರ್ಥವಾಯಿತು. 1983ರಲ್ಲಿ ಕೆಲಸ ಶುರುವಾಗಿ, 12 ಚಂಡಮಾರುತಗಳನ್ನು ಎದುರಿಸಿ, 1989ರ ಜುಲೈನಲ್ಲಿ ರಸ್ತೆ ತೆರೆಯಿತು.

ನಮ್ಮ ಗೈಡ್ ಆವೆರೊಯ್‌ನಲ್ಲೇ ಹುಟ್ಟಿ ಬೆಳೆದವರು, ಅರವತ್ತು ದಾಟಿದ ಮಹಿಳೆ. ‘ನೀವೆಲ್ಲ ಫೋಟೊಗೆ ಬರುತ್ತೀರಿ. ನಮಗೆ ಇದು ಫೆರಿ ಕಾಯುವುದನ್ನು ತಪ್ಪಿಸಿದ ರಸ್ತೆ’ ಎಂದರು. ಕೊನೆಯ ಫೆರಿ ಹೋದರೆ ಬೆಳಗಿನವರೆಗೆ ದ್ವೀಪವೇ ಗತಿಯಾಗಿತ್ತಂತೆ.

ನನಗೆ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ. ನಮ್ಮದು ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯ ಊರು. ಸಂಜೆ ಲಾಂಚ್ ನಿಂತರೆ ಸಾಗರಕ್ಕೆ ಹೋಗಲು ಕಾಡಿನ ಸುತ್ತುದಾರಿ ಹಿಡಿಯಬೇಕಿತ್ತು. ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಮನೆಮಂದಿಯೆಲ್ಲ ದೇವರಿಗೆ ಕೈಮುಗಿಯುತ್ತಿದ್ದರು. 2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆಯಾದಾಗ ಅಮ್ಮ ಫೋನಿನಲ್ಲಿ ಅತ್ತಿದ್ದಳು. ಇದನ್ನು ಹೇಳಿದಾಗ ಗೈಡ್ ನನ್ನ ಫೋನಿನಲ್ಲಿದ್ದ ಸೇತುವೆಯ ಫೋಟೊವನ್ನು ದೊಡ್ಡದು ಮಾಡಿ ನೋಡಿದರು.

ಆ ನಾರ್ವೆ ರಸ್ತೆಗೆ ತಗುಲಿದ್ದು 12.2 ಕೋಟಿ ಕ್ರೋನರ್. ಅದರಲ್ಲಿ ಕಾಲು ಭಾಗ ಉದ್ಯೋಗ ಸೃಷ್ಟಿಗೆ ಇಟ್ಟ ಹಣ, ಇನ್ನೊಂದು ಕಾಲು ಭಾಗ ಟೋಲ್. 15 ವರ್ಷ ಬೇಕು ಎಂದುಕೊಂಡಿದ್ದ ಟೋಲ್ 10 ವರ್ಷಕ್ಕೇ, 1999ರಲ್ಲಿ, ಮುಗಿಯಿತು. ಕೆಲಸ ಹುಡುಕುವವರ ಹೆಸರಿನ ಹಣ ಕೆಲಸವನ್ನೂ ಕೊಟ್ಟಿತು, ರಸ್ತೆಯನ್ನೂ ಉಳಿಸಿತು.

ಸಿವಿಲ್ ಎಂದರೆ ‘ಪ್ಯಾಕೇಜ್ ಎಲ್ಲಿದೆ? ಕೋಡಿಂಗ್ ಕಲಿ’ ಎನ್ನುವವರೇ ಸುತ್ತಲೂ ಇದ್ದಾರೆ. ಸಾಫ್ಟ್‌ವೇರಿನಲ್ಲಿರುವ ಭಾವನೂ ವಾಪಸ್ ಬರುವಾಗ ಅದನ್ನೇ ಕೇಳಿದರು. ಗೇಟ್ ಬರೆದು ಸ್ಟ್ರಕ್ಚರಲ್‌ನಲ್ಲಿ ಎಂ.ಟೆಕ್ ಮಾಡುತ್ತೇನೆ ಎಂದೆ.

‘ಸುಲಭ ಇಲ್ಲ ಮಾರಾಯ’ ಎಂದರು.

ನಿಜ, ಸುಲಭವಿಲ್ಲ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಈಗಾಗಲೇ ಬಿಡಿಸತೊಡಗಿದ್ದೇನೆ.